ಆಪ್ತ ಸಲಹೆಯೂ ಅದರ ಮೇಲ್ವಿಚಾರಣೆಯೂ

ಹಾನಗಲ್ಲ ತಾಲೂಕಿನ ಆಡೂರು ನಮ್ಮ ನಾಡಿನ ಬಹು ಹಳೆಯ ಊರುಗಳಲ್ಲೊಂದು. ಬಾದಾಮಿಯ ಚಾಲುಕ್ಯ ಕೀರ್ತಿವರ್ಮನ ಹೆಸರುಳ್ಳ ಶಾಸನವು ಅಲ್ಲಿ ದೊರೆತಿರುವುದರಿಂದ ಇತಿಹಾಸಜ್ಞರಿಗೆ ಆ ಊರಿನ ಹೆಸರು ಚಿರಪರಿಚಿತವಾಗಿದೆ. ಆದರೆ ಈ ಹೊತ್ತು ನಾವು ಆಡೂರಿನ ಹೆಸರನ್ನು ಎತ್ತಿದುದು ಶಾಸನದ ಸಲುವಾಗಿ ಅಲ್ಲ. ಅಲ್ಲಿಯ ಒಬ್ಬ ರೈತನಿಗೆ ಜ್ವರ ಬಂದರೆ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತು. ಎತ್ತಿಗೆ ಬೇನೆ ಬಂದರೆ ದನದ ಡಾಕ್ಟರರನ್ನು ಕರೆಯಬೇಕೆಂಬುದು ಗೊತ್ತು. ಹೊಲದ ಉತಾರದಲ್ಲಿ ಹೆಸರು ತಪ್ಪಾಗಿ ಬಿದ್ದರೆ ತಲಾಠಿಯ ಬಳಿಗೆ ಎಷ್ಟು ಸಲ ಅಲೆಯಬೇಕೆಂಬುದೂ ಅನುಭವದಿಂದ ಗೊತ್ತು. ಆದರೆ ಅದೇ ರೈತನಿಗೆ ತಿಂಗಳುಗಟ್ಟಲೆ ನಿದ್ರೆ ಬಾರದೆ, ಅನ್ನ ಸೇರದೆ, ಹೊಲದ ಕಡೆಗೆ ಹೋಗಲು ಕಾಲು ಬಾರದೆ, ಬದುಕಿ ಏನು ಫಲವೆಂಬ ಮಾತು ಬಾಯಿಗೆ ಬರತೊಡಗಿದರೆ, ಅವನು ಯಾರ ಮುಂದೆ ತನ್ನ ಮನಸ್ಸನ್ನು ತೋಡಿಕೊಳ್ಳಬೇಕು? ಮನೆಯ ಹಿರಿಯರಿದ್ದಾರೆ, ಮಠದ ಅಯ್ಯನವರಿದ್ದಾರೆ, ಸಾಲಿಯ ಮಾಸ್ತರರಿದ್ದಾರೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯಿದ್ದಾಳೆ ಎಂದು ಉತ್ತರ ಬರಬಹುದು. ಆ ಉತ್ತರ ಸುಳ್ಳಲ್ಲ. ಅದಕ್ಕೆ ನಾವು ಇನ್ನೊಂದು ಪ್ರಶ್ನೆಯನ್ನು ಕೂಡಿಸುತ್ತೇವೆ: ಹೀಗೆ ಅನ್ಯರ ಅಳಲನ್ನು ಕೇಳಲು ಕುಳಿತವರಿಗೆ ಮಾರ್ಗದರ್ಶಕರು ಯಾರು?

ಈ ಪ್ರಶ್ನೆಯನ್ನು ಎತ್ತಲು ಒಂದು ನಿಮಿತ್ತವಿದೆ. 2024ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿದ ಕನ್ನಡಿಗರಲ್ಲಿ ಬೆಂಗಳೂರಿನ ಮನೋವೈದ್ಯರಾದ ಡಾ. ಸಿ. ಆರ್. ಚಂದ್ರಶೇಖರರೂ ಒಬ್ಬರು. ಅವರ ಕನ್ನಡ ಪುಸ್ತಕಗಳು ನೂರನ್ನು ಮೀರಿವೆ. ಅವುಗಳಲ್ಲಿ ಒಂದನ್ನಾದರೂ ಓದದ ಅಕ್ಷರಸ್ಥ ಮನೆ ನಮ್ಮ ಪಟ್ಟಣಗಳಲ್ಲಿ ವಿರಳ. ಪ್ರಶಸ್ತಿಯ ಕಾಲಕ್ಕೆ ಪತ್ರಿಕೆಗಳೆಲ್ಲ ಅವರ ಗ್ರಂಥರಚನೆಯನ್ನೂ ಸೌಜನ್ಯವನ್ನೂ ಕೊಂಡಾಡಿದುವು. ಅದು ಯುಕ್ತವೇ ಆಯಿತು. ಆದರೆ ಅವರೂ ಅವರ ಸಹೋದ್ಯೋಗಿಗಳೂ ನಾಲ್ಕು ದಶಕಗಳಿಗೂ ಹಿಂದೆ ಹಳ್ಳಿಗಳಲ್ಲಿ ನಡೆಸಿದ ಸಂಶೋಧನೆ ಏನನ್ನು ಸಿದ್ಧಪಡಿಸಿತು, ಅದರಲ್ಲಿ ಎಷ್ಟನ್ನು ನಾವು ಕೈಕೊಂಡೆವು, ಎಷ್ಟನ್ನು ಕೈಬಿಟ್ಟೆವು ಎಂಬ ವಿಚಾರವನ್ನು ಯಾರೂ ಹೆಚ್ಚಾಗಿ ಮಾಡಿದಂತೆ ಕಾಣಲಿಲ್ಲ. ಸನ್ಮಾನದ ಹೂಮಾಲೆ ಬಾಡುವ ಮುನ್ನ ಆ ವಿಚಾರವಾಗಬೇಕಿತ್ತು. ತಡವಾದರೂ ಆಗಲೆಂದು ಈ ಲೇಖನ.

ಮೊದಲು ಹೆಸರಿನ ವಿಚಾರ. ಪಾಶ್ಚಾತ್ಯರು ಕೌನ್ಸೆಲಿಂಗ್ ಎಂದು ಕರೆಯುವ ವಿದ್ಯೆಗೆ ಕನ್ನಡದಲ್ಲಿ 'ಆಪ್ತ ಸಲಹೆ' ಎಂಬ ಮಾತು ನಿಂತುಬಿಟ್ಟಿದೆ. 'ಆಪ್ತ' ಎಂಬ ಪದದ ಬಗ್ಗೆ ನಮ್ಮ ತಕರಾರಿಲ್ಲ. ನಂಬತಕ್ಕವನು, ಹತ್ತಿರದವನು ಎಂಬ ಎರಡು ಅರ್ಥಗಳೂ ಅಲ್ಲಿ ಸಲ್ಲುತ್ತವೆ. 'ಸಲಹೆ' ಎಂಬ ಪದವು ಮಾತ್ರ ಕೊಂಚ ಮೋಸಗೊಳಿಸತಕ್ಕದ್ದು. ನಮ್ಮಲ್ಲಿ ಸಲಹೆಗೆ ಎಂದೂ ಬರಗಾಲ ಬಂದಿಲ್ಲ. ಮಗನು ಪರೀಕ್ಷೆಯಲ್ಲಿ ನಪಾಸಾದರೆ ಬೀದಿಯ ಹತ್ತು ಮಂದಿ ಹತ್ತು ಸಲಹೆ ಕೊಡುತ್ತಾರೆ. ಹತ್ತನ್ನೂ ಕೇಳಿದ ಹುಡುಗನು ಮೊದಲಿಗಿಂತ ಹೆಚ್ಚು ಕುಗ್ಗುತ್ತಾನೆ. ಈ ವಿದ್ಯೆಯಲ್ಲಿ ಸಲಹೆಯು ಕೊನೆಗೆ ಬರುವುದು, ಬಾರದೆಯೂ ಇರಬಹುದು. ಮೊದಲು ಬರುವುದು ಕೇಳಿಕೊಳ್ಳುವಿಕೆ: ಎದುರಿಗಿದ್ದವನು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳುವುದು, ತಪ್ಪೊಪ್ಪುಗಳ ತೀರ್ಪು ಕೊಡದಿರುವುದು, ಅವನು ಹೇಳಲಾರದೆ ನುಂಗಿದುದನ್ನು ಅರಿತು ಅವನ ಬಾಯಿಂದಲೇ ಬರಿಸುವುದು, ತನ್ನ ದಾರಿಯನ್ನು ತಾನೇ ಕಾಣುವಷ್ಟು ಬಲ ಅವನಿಗೆ ಬರುವವರೆಗೆ ಜೊತೆಗಿರುವುದು. ಇದು ಉಪದೇಶಕ್ಕಿಂತ ಎಷ್ಟೋ ಪಾಲು ಕಷ್ಟವಾದ ಕೆಲಸ. ಉಪದೇಶ ಮಾಡುವ ಚಟವುಳ್ಳ ನಮ್ಮಂಥ ಪತ್ರಿಕಾಕರ್ತರು ಇದಕ್ಕೆ ಸರ್ವಥಾ ಅಯೋಗ್ಯರೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇವೆ.

ಮನಶ್ಶಾಸ್ತ್ರದ ಬೀಜ ಕನ್ನಡನಾಡಿಗೆ ತಡವಾಗಿ ಬಿದ್ದುದೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಷ್ಟು ಹಿಂದೆಯೇ ಮನಶ್ಶಾಸ್ತ್ರದ ವಿಭಾಗ ಹುಟ್ಟಿತು. ಲಂಡನ್ನಿನಲ್ಲಿ ಸ್ಪಿಯರ್ಮನ್ನರ ಬಳಿ ಕಲಿತು ಬಂದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಯಿಸಿದರು. 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ನಡೆಸಿದ ಮಹನೀಯರೂ ಇವರೇ. ಅತ್ತ ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಡಾ. ಎಂ. ವಿ. ಗೋವಿಂದಸ್ವಾಮಿಯವರು ರೋಗಿಗಳನ್ನು ಕೂಡಿಹಾಕುವ ಸ್ಥಳವೆಂಬ ಅಪಕೀರ್ತಿಯಿಂದ ಬಿಡಿಸಿ ವಿದ್ಯಾಸ್ಥಾನವನ್ನಾಗಿ ಮಾಡಲು ಶ್ರಮಿಸಿದರು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ವೇದಾಗಮಗಳ ಪಂಡಿತರೆಂದೇ ಕನ್ನಡಿಗರಿಗೆ ಪರಿಚಿತರಾದ ಪ್ರೊ. ಸಾ. ಕೃ. ರಾಮಚಂದ್ರರಾಯರು ಆ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬ ಸಂಗತಿ ಅನೇಕ ವಾಚಕರಿಗೆ ಹೊಸದಾಗಿ ತೋರಬಹುದು. ಆಸ್ಪತ್ರೆಯೂ ಸಂಸ್ಥೆಯೂ ಕೂಡಿ 1974ರಲ್ಲಿ ಇಂದಿನ ನಿಮ್ಹಾನ್ಸ್ ಆಯಿತು.

ಆದರೆ ಬೆಂಗಳೂರಿನ ಆಸ್ಪತ್ರೆ ಎಷ್ಟೇ ದೊಡ್ಡದಾದರೂ ಅದರ ಬಾಗಿಲಿಗೆ ಬರುವವರು ನಾಡಿನ ರೋಗಿಗಳಲ್ಲಿ ಒಂದು ಹಿಡಿಯಷ್ಟೇ. ಈ ಸತ್ಯವನ್ನು ಮೊದಲು ಹಳ್ಳಿಯಲ್ಲಿ ಕುಳಿತು ಕಂಡವರಲ್ಲಿ ಡಾ. ಆರ್. ಎಲ್. ಕಪೂರರು ಮುಖ್ಯರು. ಅವರೂ ಕಾರ್‌ಸ್ಟೇರ್ಸ್ ಎಂಬ ವಿದ್ವಾಂಸರೂ ದಕ್ಷಿಣ ಕನ್ನಡದ ಕೋಟ ಗ್ರಾಮದ ಬ್ರಾಹ್ಮಣ, ಬಂಟ, ಮೊಗವೀರ ಜನರ ಮನೋವ್ಯಥೆಗಳನ್ನು ವಿಚಾರಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹಳ್ಳಿಗರು ಮನಸ್ಸು ಕೆಟ್ಟಾಗ ವೈದ್ಯರನ್ನೂ ಮಂತ್ರವಾದಿಗಳನ್ನೂ ಪಾತ್ರಿಗಳನ್ನೂ ಹೇಗೆ ಆಶ್ರಯಿಸುತ್ತಾರೆಂಬುದನ್ನು ಕಪೂರರು ತುಚ್ಛಭಾವವಿಲ್ಲದೆ ವರ್ಣಿಸಿದರು. ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯಶಾಸ್ತ್ರದ ಘಟಕವನ್ನು ಕಟ್ಟಿದವರು ಅವರೇ. ಬೆಂಗಳೂರಿನ ದಕ್ಷಿಣಕ್ಕೆ, ಆನೇಕಲ್ಲು ತಾಲೂಕಿನ ಸಕಲವಾರ ಎಂಬ ಹಳ್ಳಿ ಆ ಘಟಕದ ಪ್ರಯೋಗಶಾಲೆಯಾಯಿತು. ಚಂದ್ರಶೇಖರರ ಸಂಶೋಧನಾ ಜೀವನ ರೂಪುಗೊಂಡುದು ಇಲ್ಲಿ.

ಸಕಲವಾರದಲ್ಲಿ ನಡೆದುದೇನು? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನು ಮನೋವೈದ್ಯನಲ್ಲ. ಅವನ ಕೈಕೆಳಗೆ ಮಲೇರಿಯದ ರಕ್ತಪರೀಕ್ಷೆಗೂ ಕುಟುಂಬ ಯೋಜನೆಗೂ ತಿರುಗಾಡುವ ಆರೋಗ್ಯ ಸಹಾಯಕರಂತೂ ಮನಶ್ಶಾಸ್ತ್ರದ ಹೆಸರನ್ನೇ ಕೇಳಿದವರಲ್ಲ. ಇಂಥವರಿಗೆ ಕೆಲವು ದಿನಗಳ ಶಿಕ್ಷಣವಿತ್ತರೆ ಅವರು ಬುದ್ಧಿಭ್ರಮಣೆ, ಅಪಸ್ಮಾರ, ಖಿನ್ನತೆ, ಬುದ್ಧಿಮಾಂದ್ಯ ಮೊದಲಾದ ಮುಖ್ಯ ಬೇನೆಗಳನ್ನು ಗುರುತಿಸಬಲ್ಲರೇ, ಔಷಧ ತಪ್ಪದಂತೆ ನೋಡಿಕೊಳ್ಳಬಲ್ಲರೇ, ಮನೆಯವರಿಗೆ ನಾಲ್ಕು ಧೈರ್ಯದ ಮಾತನ್ನು ಸರಿಯಾಗಿ ಹೇಳಬಲ್ಲರೇ ಎಂಬುದೇ ಪ್ರಶ್ನೆ. ಚಂದ್ರಶೇಖರ, ಮೋಹನ್ ಐಸಾಕ್, ಕಪೂರ, ಪಾರ್ಥಸಾರಥಿ ಇವರು ಕೂಡಿ ಬರೆದ ಲೇಖನವು 1981ರಲ್ಲಿಯೂ, ಇವರೊಡನೆ ಮಾಲವಿಕಾ ಕಪೂರರೂ ಸೇರಿ ಶಿಕ್ಷಣಕ್ರಮದ ರಚನೆ ಮತ್ತು ಮೌಲ್ಯಮಾಪನವನ್ನು ಕುರಿತು ಬರೆದ ಇನ್ನೊಂದು ಲೇಖನವು 1982ರಲ್ಲಿಯೂ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಅಚ್ಚಾದುವು. ಬಲ್ಲರು ಎಂಬುದೇ ಇವುಗಳ ಉತ್ತರ. ಅದೇ 1982ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಒಂದು ಕನ್ನಡ ಹಳ್ಳಿಯ ಅನುಭವ ದೇಶದ ನೀತಿಗೆ ಆಧಾರಗಳಲ್ಲೊಂದಾದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಮುಂದಿನ ಹೆಜ್ಜೆ ಬಳ್ಳಾರಿ. ಸಕಲವಾರದಲ್ಲಿ ಕಂಡುದನ್ನು ಇಡೀ ಜಿಲ್ಲೆಗೆ ಹರಡಬಹುದೇ ಎಂದು ನೋಡಲು ನಿಮ್ಹಾನ್ಸಿನವರು 1980ರ ದಶಕದ ನಡುವೆ ಬಳ್ಳಾರಿಯನ್ನು ಆರಿಸಿಕೊಂಡರು. ಅಲ್ಲಿ ಮಾಡಿದ ಏರ್ಪಾಡನ್ನು ನಮ್ಮ ಅಧಿಕಾರಿವರ್ಗದ ವಾಚಕರು ಗಮನವಿಟ್ಟು ನೋಡಬೇಕು. ವೈದ್ಯರಿಗೂ ಆರೋಗ್ಯ ಸಹಾಯಕರಿಗೂ ಶಿಕ್ಷಣ ಕೊಟ್ಟರು, ಕೆಲವೇ ಅಗತ್ಯ ಔಷಧಗಳು ಕೇಂದ್ರಗಳಲ್ಲಿ ಸದಾ ಇರುವಂತೆ ಮಾಡಿದರು, ಸರಳವಾದ ದಾಖಲೆಪುಸ್ತಕಗಳನ್ನಿಟ್ಟರು, ಪ್ರತಿ ತಿಂಗಳ ವರದಿ ಜಿಲ್ಲೆಯ ಮಾನಸಿಕ ಆರೋಗ್ಯ ತಂಡಕ್ಕೆ ಬಂದು, ಆ ತಂಡದಿಂದ ಮಾರ್ಗದರ್ಶನ ಕೆಳಗಿನ ಕೆಲಸಗಾರರಿಗೆ ಹಿಂತಿರುಗುವಂತೆ ಕಟ್ಟು ಮಾಡಿದರು. ಶಿಕ್ಷಣ, ಔಷಧ, ದಾಖಲೆ, ಮಾರ್ಗದರ್ಶನ ಎಂಬ ಈ ನಾಲ್ಕರಲ್ಲಿ ನಾಲ್ಕನೆಯದೇ ಉಳಿದ ಮೂರನ್ನು ಜೀವಂತವಾಗಿಡತಕ್ಕದ್ದೆಂದು ನಮ್ಮ ಅಭಿಪ್ರಾಯ. 1996ರಲ್ಲಿ 'ಬಳ್ಳಾರಿ ಮಾದರಿ'ಯ ಹೆಸರಿನಲ್ಲಿಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಗಿ, ಕಾಲಕ್ರಮದಲ್ಲಿ ನೂರಾರು ಜಿಲ್ಲೆಗಳಿಗೆ ಹಬ್ಬಿತು. ಹಬ್ಬುವಾಗ ಎಣಿಸಲು ಸುಲಭವಾದುವು ಮೊದಲು ಹಬ್ಬಿದುವು. ಎಷ್ಟು ಮಂದಿಗೆ ತರಬೇತಿಯಾಯಿತು, ಎಷ್ಟು ಶಿಬಿರ ನಡೆಯಿತು ಎಂಬುದು ವರದಿಯಲ್ಲಿ ಒಂದು ಅಂಕೆಯಾಗಿ ಕುಳಿತುಕೊಳ್ಳುತ್ತದೆ. ತಿಂಗಳಿಗೊಮ್ಮೆ ಒಬ್ಬ ತಿಳಿದವನು ಒಬ್ಬ ಕೆಲಸಗಾರಳ ಪಕ್ಕದಲ್ಲಿ ಕುಳಿತು, "ಆ ತಾಯಿ ಅತ್ತಾಗ ನೀನು ಏನೆಂದೆ?" ಎಂದು ವಿಚಾರಿಸಿದುದು ಯಾವ ಅಂಕಣದಲ್ಲಿಯೂ ಕೂಡುವುದಿಲ್ಲ.

ಚಂದ್ರಶೇಖರರ ಇತರ ಸಂಶೋಧನೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇವೆ. ಪಶ್ಚಿಮ ಕರ್ನಾಟಕದಲ್ಲಿ ಮೈಮೇಲೆ ದೇವರು ದೆವ್ವ ಬರುವುದನ್ನು ಕುರಿತು ಅವರೂ ಅವರ ಸಂಗಡಿಗರೂ ಮಾಡಿದ ಸಮೀಕ್ಷೆ 1981ರಲ್ಲಿ ಪ್ರಕಟವಾಯಿತು. ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಪಟ್ಟಣಿಗರಿಗೆ ಸುಲಭ. ಬೇರೆ ಯಾವ ಬಾಗಿಲೂ ತೆರೆಯದ ಮನೆಯಲ್ಲಿ ಸೊಸೆಯ ದುಃಖವು ದೇವರ ಬಾಯಿಂದಲೇ ಹೊರಬೀಳಬೇಕಾಗುತ್ತದೆಂಬುದನ್ನು ತಿಳಿಯಲು ಮಾತ್ರ ತಾಳ್ಮೆ ಬೇಕು. ಎರಡನೆಯದು 1998ರ ಲೆಕ್ಕ. ರೆಡ್ಡಿಯವರೊಡನೆ ಕೂಡಿ ಅವರು ದೇಶದಲ್ಲಿ ಅದುವರೆಗೆ ನಡೆದ 13 ಸಮೀಕ್ಷೆಗಳ 33,572 ಜನರ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು, ಸಾವಿರಕ್ಕೆ 58.2 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇರುವುದೆಂದು ಕಂಡಿತು. ತರುವಾಯ 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6 ಎಂದು ಹೇಳಿತು. ಎರಡು ಲೆಕ್ಕಗಳ ಕ್ರಮ ಬೇರೆ ಬೇರೆಯಾದುದರಿಂದ ರೋಗ ಇಮ್ಮಡಿಯಾಯಿತೆಂದು ಹೇಳಲಾಗದು. ಚಿಕ್ಕ ಲೆಕ್ಕವನ್ನೇ ಹಿಡಿದರೂ ಆಡೂರಿನಂಥ ಊರಿನಲ್ಲಿ ಸಾವಿರ ಜನರ ಒಂದು ಕೇರಿಗೆ ಐವತ್ತಕ್ಕೂ ಹೆಚ್ಚು ಮಂದಿಯಾಯಿತು. ಅಷ್ಟು ಮಂದಿಗೆ ಬೇಕಾದ ಮನೋವೈದ್ಯರನ್ನು ನಾಡಿನ ಎಲ್ಲ ವೈದ್ಯಶಾಲೆಗಳು ಕೂಡಿದರೂ ನಮ್ಮ ಕಾಲದಲ್ಲಿ ತಯಾರಿಸಲಾರವು. ಆದುದರಿಂದ ಸಾಮಾನ್ಯರನ್ನೇ ಈ ಕೆಲಸಕ್ಕೆ ಅಣಿಗೊಳಿಸದೆ ಗತ್ಯಂತರವಿಲ್ಲ. ಚಂದ್ರಶೇಖರರು ಕನ್ನಡದಲ್ಲಿ ಬರೆದುದೂ, ಬೆಂಗಳೂರಿನಲ್ಲಿ 'ಸಮಾಧಾನ' ಎಂಬ ಆಪ್ತ ಸಲಹಾ ಕೇಂದ್ರವನ್ನು ನಡೆಸುತ್ತ ವೈದ್ಯರಲ್ಲದ ಸ್ವಯಂಸೇವಕರಿಗೆ ಈ ವಿದ್ಯೆಯನ್ನು ಕಲಿಸಿದುದೂ ಈ ಒಂದೇ ನಂಬಿಕೆಯಿಂದ. ಇದು ನಮಗೆ ಮಾನ್ಯ. ಮನಸ್ಸಿನ ನೋವು ತಾಯ್ನುಡಿಯಲ್ಲಲ್ಲದೆ ಬೇರೆ ನುಡಿಯಲ್ಲಿ ಪೂರ್ತಿಯಾಗಿ ಹೊರಬರುವುದಿಲ್ಲ. "ಹೊಟ್ಯಾಗ ಸಂಕಟ ಆಗತೈತ್ರಿ" ಎಂದು ಹಾನಗಲ್ಲ ಸೀಮೆಯ ಹೆಣ್ಣುಮಗಳು ಹೇಳಿದುದನ್ನು ಹೊಟ್ಟೆನೋವೆಂದು ಬರೆದುಕೊಂಡು ಗುಳಿಗೆ ಕೊಟ್ಟು ಕಳಿಸುವ ವೈದ್ಯನು ಎಷ್ಟು ಪದವಿಗಳನ್ನು ಪಡೆದಿದ್ದರೇನು?

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಮೇಲ್ವಿಚಾರಣೆಯೆಂದರೆ ನಮ್ಮ ಕಚೇರಿಗಳಲ್ಲಿ ಹಾಜರಿಪುಸ್ತಕ ನೋಡುವುದು, ಕಾರಣ ಕೇಳುವ ನೋಟೀಸು ಕೊಡುವುದು, ಸಾಹೇಬರು ಬರುವ ದಿನ ಗೋಡೆಗೆ ಸುಣ್ಣ ಹಚ್ಚುವುದು. ಆಪ್ತ ಸಲಹೆಯಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥವಿದೆ. ಕೇಳುವವನು ತಾನು ಕೇಳಿದುದನ್ನು, ಆಡಿದ ಮಾತನ್ನು, ತನ್ನೊಳಗೆ ಎದ್ದ ಭಾವವನ್ನು ಸಹ, ಒಬ್ಬ ಅನುಭವಿಯ ಮುಂದೆ ನಿಯಮದಿಂದ ಇಡುವುದು. ಆ ಅನುಭವಿಯು ಅವನ ತಪ್ಪನ್ನು ತಿದ್ದುವುದರ ಜೊತೆಗೆ ಅವನ ಭಾರವನ್ನೂ ಇಳಿಸುವುದು. ಇದಕ್ಕೆ ಮೇಲ್ವಿಚಾರಣೆಯೆಂದು ಹೆಸರು. ಬರ್ಲಿನ್ನಿನಲ್ಲಿ 1920ರಲ್ಲಿ ಮನೋವಿಶ್ಲೇಷಕರ ಚಿಕಿತ್ಸಾಲಯವು ತೆರೆದಾಗ, ಕಲಿಯುವವರು ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡತಕ್ಕದ್ದೆಂಬುದು ಅಲ್ಲಿಯ ಶಿಕ್ಷಣದ ಅಂಗವಾಯಿತು. ಅಮೇರಿಕೆಯ ಕಾರ್ಲ್ ರೋಜರ್ಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಂಭಾಷಣೆಯನ್ನು ಗ್ರಾಮೊಫೋನಿನ ತಟ್ಟೆಗಳ ಮೇಲೆ ಮುದ್ರಿಸಿಕೊಂಡು, ಶಿಷ್ಯರೊಡನೆ ಕುಳಿತು ಕೇಳಿ, ಎಲ್ಲಿ ಸಲಹೆಗಾರನು ಆತುರಪಟ್ಟನು, ಎಲ್ಲಿ ತನ್ನ ಅಭಿಪ್ರಾಯವನ್ನು ತುರುಕಿದನು ಎಂಬುದನ್ನು ಮಾತು ಮಾತಿಗೆ ಪರೀಕ್ಷಿಸಿದರು. 1942ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಒಬ್ಬ ವ್ಯಕ್ತಿಯೊಡನೆ ನಡೆದ ಸಂಭಾಷಣೆಗಳೆಲ್ಲ ಆದ್ಯಂತವಾಗಿ ಅಚ್ಚಾಗಿದ್ದುವು. ಅದುವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದ ಕೆಲಸವನ್ನು ಪರೀಕ್ಷೆಯ ಬೆಳಕಿಗೆ ತಂದವರು ಅವರು.

ಇದು ಪರದೇಶದ ಸಾಮಾನೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಹಾನಗಲ್ಲ ಎಂಬ ಮನೆಹೆಸರನ್ನು ದೇಶದಲ್ಲೆಲ್ಲ ಬೆಳಗಿಸಿದ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತರು. ಮನೆಯಲ್ಲಿ ಎಷ್ಟು ಹೊತ್ತು ಹಾಡಿದರೂ ಸ್ವರವು ಎಲ್ಲಿ ಜಾರಿತೆಂದು ಹಿಡಿಯಲು ಗುರುವಿನ ಕಿವಿ ಬೇಕು. ತಾಲೀಮಿಲ್ಲದ ಗವಾಯಿಯನ್ನು ನಾವು ಸಭೆಯಲ್ಲಿ ಕೂರಿಸುವುದಿಲ್ಲ. ಒಂದು ವಾರದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದು ಬಂದವರನ್ನು ಮಾತ್ರ ಸಾಯಬೇಕೆಂದು ಹಟ ಹಿಡಿದವನ ಎದುರಿಗೆ ಕೂರಿಸಿ, ಮುಂದೆ ಅವರ ಮುಖವನ್ನು ನೋಡದೆ ಬಿಡುತ್ತೇವೆ.

ಗುರುವಿನ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೆಂಗಳೂರಿನ ಸಂಸ್ಥೆಯಲ್ಲಿದ್ದ ಡಾ. ಎನ್. ಸಿ. ಸೂರ್ಯ ಅವರು ಜಯರಾಮರೊಡನೆ 1964ರಲ್ಲಿ ಬರೆದ ಲೇಖನದಲ್ಲಿ, ಭಾರತೀಯ ರೋಗಿಯು ತನ್ನ ಚಿಕಿತ್ಸಕನಿಂದ ನೇರವಾದ ಆಸರೆಯನ್ನು ಬಯಸುತ್ತಾನೆ, ಅವಲಂಬನೆಯನ್ನು ಹೀನವೆಂದೆಣಿಸುವುದಿಲ್ಲ ಎಂಬರ್ಥದ ವಿಚಾರವನ್ನು ಮುಂದಿಟ್ಟರು. ಡಾ. ನೇಕಿಯವರು 1973ರಲ್ಲಿ ಗುರುಶಿಷ್ಯ ಸಂಬಂಧವನ್ನೇ ಮನಶ್ಚಿಕಿತ್ಸೆಗೆ ಮಾದರಿಯಾಗಿ ಇಟ್ಟುಕೊಳ್ಳಬಹುದೆಂದು ವಾದಿಸಿದರು. ಈ ವಾದದಲ್ಲಿ ತಥ್ಯವಿದೆ. ಆದರೆ ಗುರುಪೀಠದ ಮೇಲೆ ಕುಳಿತವನಿಗೆ ತಾನು ತಪ್ಪಲಾರೆನೆಂಬ ಭ್ರಮೆ ಬಹು ಬೇಗ ಹತ್ತುತ್ತದೆ. ಕಷ್ಟದಲ್ಲಿ ಬಂದವನು ಪೂರ್ಣವಾಗಿ ನಂಬಿ ಶರಣಾಗುವ ಸಮಾಜದಲ್ಲಿ ಸಲಹೆಗಾರನ ಮೇಲೆ ಇನ್ನೊಬ್ಬರ ಕಣ್ಣಿರುವುದು ಇತರ ಕಡೆಗಿಂತ ಹೆಚ್ಚು ಅಗತ್ಯ. ಗಂಡನ ಹೊಡೆತಕ್ಕೆ ಬೇಸತ್ತು ಬಂದವಳಿಗೆ "ಸಂಸಾರವೆಂದ ಮೇಲೆ ಇದ್ದದ್ದೇ, ಹೊಂದಿಕೊಂಡು ಹೋಗವ್ವಾ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿ ಕಳಿಸುವವರು ಎಷ್ಟು ಮಂದಿಯಿಲ್ಲ? ಇವರು ದುಷ್ಟರಲ್ಲ. ಹೇಳಿದುದು ತಪ್ಪೆಂದು ಇವರಿಗೆ ತೋರಿಸುವವರು ಯಾರೂ ಇಲ್ಲ, ಅಷ್ಟೇ.

ಹಳ್ಳಿಯಲ್ಲಿ ಇನ್ನೂ ಒಂದು ತೊಡಕಿದೆ. ಬೆಂಗಳೂರಿನ ಪುಸ್ತಕಗಳಲ್ಲಿ ಇದಕ್ಕೆ ಸಾಕಷ್ಟು ಜಾಗ ಸಿಕ್ಕಿಲ್ಲವೆಂದು ನಮ್ಮ ತಿಳುವಳಿಕೆ. ಪಟ್ಟಣದ ಸಲಹೆಗಾರನು ಎದುರಿಗೆ ಬಂದವನನ್ನು ಮತ್ತೆ ಬೀದಿಯಲ್ಲಿ ಕಾಣದಿರಬಹುದು. ಹಳ್ಳಿಯ ಆಶಾ ಕಾರ್ಯಕರ್ತೆಯು ಆ ಊರಿನ ಸೊಸೆ. ಅವಳ ಮುಂದೆ ಕಣ್ಣೀರಿಟ್ಟ ಹೆಂಗಸು ಅವಳ ನೆಗೆಣ್ಣಿಯ ತಂಗಿಯಾಗಿರಬಹುದು. ಸಾಲ ಕೊಟ್ಟವನು ಅವಳ ಮಾವನೇ ಆಗಿರಬಹುದು. ಕೇಳಿದ ಗುಟ್ಟನ್ನು ಅವಳು ಎಲ್ಲಿ ಇಡಬೇಕು? 2017ರ ಮಾನಸಿಕ ಆರೋಗ್ಯ ಶುಶ್ರೂಷಾ ಕಾಯಿದೆಯು ಚಿಕಿತ್ಸೆಯ ವಿಷಯವನ್ನು ಗುಪ್ತವಾಗಿಡಬೇಕೆಂದು ವಿಧಿಸಿದೆ. ಗುಟ್ಟನ್ನು ಹೊತ್ತವಳಿಗೆ ಅದನ್ನು ನಿರ್ಭಯವಾಗಿ ಇಳಿಸುವ ಒಂದು ಸ್ಥಳ ಊರಿನ ಹೊರಗೆ ಇಲ್ಲದಿದ್ದರೆ, ಅದು ಊರಿನೊಳಗೇ ಎಲ್ಲಿಯೋ ಇಳಿಯುತ್ತದೆ. ಇಲ್ಲವೆ ಅವಳನ್ನೇ ಒಳಗಿನಿಂದ ತಿನ್ನುತ್ತದೆ. ತಾನು ಸಮಾಧಾನ ಹೇಳಿ ಬಂದ ಮನೆಯಲ್ಲಿ ಮರುವಾರ ಒಬ್ಬನು ವಿಷ ಕುಡಿದನೆಂದರೆ, ಆ ಹೆಣ್ಣುಮಗಳ ರಾತ್ರಿಗಳು ಹೇಗೆ ಕಳೆಯಬೇಕೆಂಬುದನ್ನು ಆಕೆಯನ್ನು ಶಿಬಿರಕ್ಕೆ ಕರೆದ ಇಲಾಖೆ ಯೋಚಿಸಿದೆಯೇ?

ಮೇಲ್ವಿಚಾರಣೆಗೆ ದೊಡ್ಡ ದೊಡ್ಡ ಪಂಡಿತರೇ ಬೇಕು, ಅಷ್ಟು ಜನ ಎಲ್ಲಿದ್ದಾರೆ ಎಂಬ ಆಕ್ಷೇಪಣೆಗೆ ನಮ್ಮ ನೆರೆಯ ಗೋವೆಯಲ್ಲಿ ಉತ್ತರ ಸಿಕ್ಕಿದೆ. ಡಾ. ವಿಕ್ರಮ ಪಟೇಲರೂ ಅವರ ಸಂಗಡಿಗರೂ ಅಲ್ಲಿಯ 24 ಚಿಕಿತ್ಸಾಲಯಗಳಲ್ಲಿ, ಮನಶ್ಶಾಸ್ತ್ರದ ಪದವಿಯಿಲ್ಲದ ಸಾಮಾನ್ಯರನ್ನು ಸಲಹೆಗಾರರನ್ನಾಗಿ ಅಣಿಗೊಳಿಸಿ ಪ್ರಯೋಗ ನಡೆಸಿದರು. ಅದರ ಫಲ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಕಾರಿ ಕೇಂದ್ರಗಳಲ್ಲಿ ಈ ಸಹಾಯ ಪಡೆದ ರೋಗಿಗಳಲ್ಲಿ ಆರು ತಿಂಗಳಿಗೆ ನೂರಕ್ಕೆ ಸುಮಾರು 66 ಮಂದಿ ಗುಣಮುಖರಾದರೆ, ಪಡೆಯದವರಲ್ಲಿ 42ರಷ್ಟು ಮಂದಿ ಮಾತ್ರ ಗುಣ ಕಂಡರು. ಖಾಸಗಿ ಚಿಕಿತ್ಸಾಲಯಗಳಲ್ಲಿ ಇಂಥ ಅಂತರ ಕಾಣಲಿಲ್ಲವೆಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕಠಿಣವಾದ ಖಿನ್ನತೆಯುಳ್ಳ 495 ರೋಗಿಗಳಲ್ಲಿ ಇಂಥ ಸಲಹೆಗಾರರ ಆರೆಂಟು ಬೈಠಕುಗಳ ನೆರವು ಪಡೆದವರಿಗೆ ಮೂರು ತಿಂಗಳಲ್ಲಿ ನೂರಕ್ಕೆ 64ರಷ್ಟು, ಪಡೆಯದವರಿಗೆ 39ರಷ್ಟು ಶಮನ ದೊರೆಯಿತು. ನಮಗೆ ಮುಖ್ಯವಾದ ಸಂಗತಿ ಅಲ್ಲಿಯ ಮೇಲ್ವಿಚಾರಣೆಯ ಕ್ರಮ. ಸಲಹೆಗಾರರು ತಮ್ಮ ಸಂಭಾಷಣೆಗಳನ್ನು ಮುದ್ರಿಸಿಕೊಂಡು, ಗುಂಪಿನಲ್ಲಿ ಕುಳಿತು ಕೇಳಿ, ಒಬ್ಬರ ಕೆಲಸಕ್ಕೆ ಮತ್ತೊಬ್ಬರು ಗುಣಾಂಕ ಹಾಕಿದರು. ಮೊದಮೊದಲು ತಜ್ಞರು ಹತ್ತಿರವಿದ್ದರು. ಕಾಲಕ್ರಮದಲ್ಲಿ ಈ ಸಾಮಾನ್ಯರು ಹಾಕಿದ ಗುಣಾಂಕಗಳು ತಜ್ಞರವುಗಳನ್ನು ಸಮೀಪಿಸಿದುವು. ಅಂದರೆ ಕೇಳುವುದನ್ನು ಕಲಿಯುವಂತೆಯೇ, ಕೇಳುವವರ ತಪ್ಪನ್ನು ಹಿಡಿಯುವುದನ್ನೂ ಕಲಿಯಬಹುದೆಂದಾಯಿತು. ರೋಜರ್ಸರ ಗ್ರಾಮೊಫೋನಿನ ತಟ್ಟೆಗೆ ಬದಲಾಗಿ ಈ ಹೊತ್ತು ಪ್ರತಿ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿ ಒಂದು ದೂರವಾಣಿಯಿದೆ. ಎದುರಿಗಿದ್ದವರ ಒಪ್ಪಿಗೆಯಿಲ್ಲದೆ ಅದನ್ನು ಬಳಸಕೂಡದೆಂಬುದು ಮಾತ್ರ ಮೊದಲ ನಿಯಮವಾಗಿರಬೇಕು.

ಹಾವೇರಿ ಜಿಲ್ಲೆಗೆ ಈ ಮಾತು ಏಕೆ ತುರ್ತಿನದೆಂಬುದನ್ನು ಬೇರೆ ವಿವರಿಸಬೇಕೇ? ರೈತರ ಆತ್ಮಹತ್ಯೆಗಳ ಸುದ್ದಿಯಲ್ಲಿ ಈ ಜಿಲ್ಲೆಯ ಹೆಸರು ವರ್ಷ ವರ್ಷವೂ ಕೇಳಿಬಂದಿದೆ. 2008ರ ಜೂನಿನಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಹಾವೇರಿಯಲ್ಲಿ ಗುಂಡು ಹಾರಿದುದನ್ನು ಈ ಭಾಗದವರು ಮರೆತಿಲ್ಲ. ಇಂಥ ಜಿಲ್ಲೆಯಲ್ಲಿ ಆಪ್ತ ಸಲಹೆಯ ಮಾತೆತ್ತಿದರೆ, "ಸಾಲಕ್ಕೆ ಸಮಾಧಾನವೇ ಔಷಧವೇ?" ಎಂದು ರೈತ ಮುಖಂಡರು ಕೇಳುತ್ತಾರೆ, ಕೇಳಬೇಕಾದುದೇ. ಬೆಳೆಗೆ ಬೆಲೆಯಿಲ್ಲದ, ವಿಮೆಯ ಹಣ ಬಾರದ, ಬಡ್ಡಿಗೆ ಮಿತಿಯಿಲ್ಲದ ಕಷ್ಟವನ್ನು ರೈತನ ಮನಸ್ಸಿನ ದೌರ್ಬಲ್ಯವೆಂದು ತಿರುಗಿಸಿ ಹೇಳುವ ಸರಕಾರವಿದ್ದರೆ ಅದನ್ನು ಖಂಡಿಸುವವರಲ್ಲಿ ನಾವೇ ಮೊದಲಿಗರಾಗುವೆವು. ಆದರೆ ಸಾಲವುಳ್ಳ ನೂರು ಮಂದಿಯಲ್ಲಿ ಒಬ್ಬನು ಮಾತ್ರ ಹಗ್ಗ ಹುಡುಕುತ್ತಾನೆ. ಆ ಒಬ್ಬನನ್ನು ಆ ರಾತ್ರಿ ದಾಟಿಸಬೇಕಾದವರು ಬ್ಯಾಂಕಿನವರಲ್ಲ, ಮಂತ್ರಿಗಳೂ ಅಲ್ಲ. ಅವನ ಮಾತಿನ ಧಾಟಿ ಬದಲಾದುದನ್ನು ಗುರುತಿಸಬಲ್ಲ ಹತ್ತಿರದವರು. ಒಳ್ಳೆಯ ಸಲಹೆಗಾರಳು ಮನಸ್ಸಿನ ಮಾತನ್ನು ಕೇಳಿ ಮುಗಿಸಿ ಸಾಲದ ಕಾಗದವನ್ನೂ ನೋಡುತ್ತಾಳೆ, ಕೃಷಿ ಇಲಾಖೆಯ ಬಾಗಿಲನ್ನೂ ತೋರಿಸುತ್ತಾಳೆ. ಎರಡು ಕೆಲಸಗಳ ನಡುವೆ ವೈರವಿಲ್ಲ.

ಸರಕಾರವು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆಯು ಡಿಮ್ಹಾನ್ಸ್ ಸಂಸ್ಥೆಯಾಗಿ ಬೆಳೆದಿದೆ. 'ಮನೋಚೈತನ್ಯ' ಯೋಜನೆಯಂತೆ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಾಗಿದೆ. 2022ರ ಅಕ್ಟೋಬರ 10ರಿಂದ ದೇಶದಲ್ಲೆಲ್ಲ 'ಟೆಲಿ-ಮಾನಸ್' ಎಂಬ ದೂರವಾಣಿ ಸಹಾಯ ನಡೆದಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾರು ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಅಂಕೆಯನ್ನು ನಮ್ಮ ವಾಚಕರು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲೆಂದು ವಿನಂತಿಸುತ್ತೇವೆ. 2021ರಲ್ಲಿ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯಿದೆಯೂ ಬಂದು, ಮನೋಸಾಮಾಜಿಕ ಸಲಹಾವೃತ್ತಿಯು ಕಾನೂನಿನ ಪಟ್ಟಿಯೊಳಗೆ ಸೇರಿತು. ಬೋರ್ಡು ಹಾಕಿಕೊಂಡವನೆಲ್ಲ ಸಲಹೆಗಾರನಾಗುವ ಸ್ಥಿತಿಗೆ ಇದರಿಂದ ಕೊನೆ ಬರಬಹುದೆಂದು ನಮ್ಮ ಆಶೆ. ಆದರೆ ಕಾಯಿದೆಯು ಪದವಿಯನ್ನು ಪರೀಕ್ಷಿಸಬಲ್ಲದು. ಪದವಿ ಪಡೆದು ಹತ್ತು ವರ್ಷಗಳಾದ ಮೇಲೆ ಆ ಮನುಷ್ಯನು ಮುಚ್ಚಿದ ಕೋಣೆಯಲ್ಲಿ ಹೇಗೆ ಕೇಳುತ್ತಿದ್ದಾನೆಂಬುದನ್ನು ನೋಡಲು ಕಾಯಿದೆಗೆ ಕಿವಿಯಿಲ್ಲ.

ನಮ್ಮ ಸೂಚನೆಗೆ ಹೊಸ ಕಟ್ಟಡ ಬೇಡ, ಹೊಸ ನಿಗಮವೂ ಬೇಡ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ತಾಲೂಕುಗಳಲ್ಲಿ ಮನೋವೈದ್ಯರು ಬರುವ ಮಂಗಳವಾರಗಳಲ್ಲಿ ತಿಂಗಳಿಗೆ ಒಂದನ್ನು ಆರಿಸಿಕೊಂಡು, ಆ ದಿನ ಮಧ್ಯಾಹ್ನ ಎರಡು ತಾಸು ರೋಗಿಗಳ ಬದಲಿಗೆ ಕೆಲಸಗಾರರ ಸಲುವಾಗಿ ಮೀಸಲಿಡಬೇಕು. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕರು, ಪ್ರೌಢಶಾಲೆಯ ಇಬ್ಬರು ಮೂವರು ಶಿಕ್ಷಕರು ಹತ್ತು ಹನ್ನೆರಡು ಮಂದಿಯ ಗುಂಪಾಗಿ ಕೂಡಬೇಕು. ಪ್ರತಿಯೊಬ್ಬರೂ, ಊರು ಹೆಸರುಗಳನ್ನು ಬಿಟ್ಟು, ಆ ತಿಂಗಳು ತಮಗೆ ಬಹಳ ಕಠಿಣವಾಗಿ ತೋರಿದ ಒಂದು ಸಂಭಾಷಣೆಯನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ತರಬೇಕು. ಅದನ್ನು ಓದಿ ಹೇಳುವಾಗ ಹಾಜರಿ, ಗುರಿ, ಅಂಕಿ-ಅಂಶ ಇವುಗಳ ಮಾತನ್ನು ಯಾರೂ ಎತ್ತಕೂಡದು. ಎತ್ತುವ ಅಧಿಕಾರಿ ಎಷ್ಟೇ ದೊಡ್ಡವರಾದರೂ ಅವರನ್ನು ಆ ಕೋಣೆಗೆ ಬಿಡಕೂಡದು. ಬಂದವರಿಗೆ ಹೋಗಿಬರುವ ಬಸ್ಸಿನ ಖರ್ಚನ್ನೂ ಅರ್ಧ ದಿನದ ಭತ್ತೆಯನ್ನೂ ಕೊಡಬೇಕು. ಪುಕ್ಕಟೆ ಸೇವೆಯ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳನ್ನು ದುಡಿಸಿಕೊಂಡುದು ಸಾಕು. ಒಂದು ವರ್ಷದಲ್ಲಿ ಆ ಗುಂಪಿನಿಂದಲೇ ಇಬ್ಬರಾದರೂ ಉಳಿದವರಿಗೆ ಮಾರ್ಗ ತೋರುವಷ್ಟು ಬೆಳೆದಾರೆಂಬುದಕ್ಕೆ ಗೋವೆಯ ಅನುಭವ ಸಾಕ್ಷಿ. ಅಂಥವರನ್ನು ಮುಂದೆ ಆಡೂರಿಗೂ ಅಕ್ಕಿಆಲೂರಿಗೂ ಕಳಿಸಿ, ಅಲ್ಲಿಯೇ ಚಿಕ್ಕ ಗುಂಪುಗಳನ್ನು ಕೂಡಿಸಬಹುದು.

ಇದಕ್ಕೆ ಎಷ್ಟು ಹಣ ತಗಲೀತೆಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ಜಿಲ್ಲಾ ಪಂಚಾಯತಿಯ ಮುಂದೆ ಇಡಲಿ. ಆ ಹಾಳೆ ನಮ್ಮ ಕೈಸೇರಿದರೆ ಈ ಅಂಕಣದಲ್ಲಿಯೇ ಅದನ್ನು ಪ್ರಕಟಿಸುವೆವು.